ಐಸಿಯು ವೈದ್ಯರ ಶ್ವಾಸಕೋಶ ಸಂಶೋಧನೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವೃತ್ತಿಯ ಸುತ್ತ ಇವೆ: ತೀವ್ರ ನಿಗಾ ಘಟಕದಲ್ಲಿ ರೋಗಿಗಳನ್ನು ನೋಡುತ್ತಲೇ ಶ್ವಾಸಕೋಶದ ಸಂಶೋಧನೆ ಮಾಡುವ, ಕಿರಿಯರಿಗೆ ಪಾಠ ಹೇಳುವ ವೈದ್ಯರ ಕೆಲಸ. ವೈದ್ಯಕೀಯ ವಿದ್ಯಾರ್ಥಿಗಳು, ನರ್ಸ್‌ಗಳು, ರೋಗಿಗಳ ಮನೆಯವರು ಬರೆದಿದ್ದಾರೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ವೈದ್ಯಕೀಯ ಕೊನೆಯ ವರ್ಷದ ವಿದ್ಯಾರ್ಥಿನಿ. ಉಸಿರಾಟ ಸೋತರೆ ವೆಂಟಿಲೇಟರ್ ಇದೆ, ಸೋಂಕಿದ್ದರೆ ಔಷಧ ಇದೆ. ಇದರಲ್ಲಿ ಜೀವಮಾನವಿಡೀ ಸಂಶೋಧಿಸುವಂಥದ್ದು ಏನು ಉಳಿದಿದೆ?

ಉತ್ತರ: ವೆಂಟಿಲೇಟರ್ ಶ್ವಾಸಕೋಶವನ್ನು ಗುಣಪಡಿಸುವುದಿಲ್ಲ. ಶ್ವಾಸಕೋಶ ತಾನಾಗಿ ಚೇತರಿಸಿಕೊಳ್ಳುವವರೆಗೆ ರೋಗಿಯನ್ನು ಉಳಿಸಿಕೊಡುತ್ತದೆ, ಅಷ್ಟೆ. ಆ ಅವಧಿಯಲ್ಲಿ ಅದೇ ಯಂತ್ರ ಹೊಸ ಗಾಯವನ್ನೂ ಮಾಡಬಲ್ಲದು. ಇದು ಖಚಿತವಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟು, ರಬ್ಬರ್ ಚೀಲದಿಂದ ಗಾಳಿ ಒತ್ತುವ ಕ್ರಮ ತಂದರು. ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿ ಕೈಯಿಂದಲೇ ಆ ಚೀಲ ಒತ್ತಿದರು. ಆ ರೋಗಿಗಳಲ್ಲಿ ಮುಖ್ಯವಾಗಿ ಸೋತಿದ್ದು ಸ್ನಾಯು. ಶ್ವಾಸಕೋಶವೇ ಕೆಟ್ಟಾಗ ಲೆಕ್ಕ ಬೇರೆ. 1967ರಲ್ಲಿ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು 12 ರೋಗಿಗಳ ವರದಿ ಪ್ರಕಟಿಸಿದರು. ಕಾರಣಗಳು ಬೇರೆಬೇರೆ, ಆದರೆ ಎಲ್ಲರದ್ದೂ ಒಂದೇ ಚಿತ್ರ: ಎರಡೂ ಕಡೆ ಬೆಳ್ಳಗಾದ ಎಕ್ಸ್-ರೇ, ಗಟ್ಟಿಯಾದ ಶ್ವಾಸಕೋಶ, ಆಮ್ಲಜನಕ ಕೊಟ್ಟರೂ ಏರದ ರಕ್ತದ ಆಮ್ಲಜನಕ. ಇಂದು ಅದನ್ನು ಎಆರ್‌ಡಿಎಸ್ (ತೀವ್ರ ಉಸಿರಾಟ ತೊಂದರೆಯ ಲಕ್ಷಣಕೂಟ) ಎನ್ನುತ್ತೇವೆ. ಈ ಕ್ಷೇತ್ರದ ಸಂಶೋಧನೆಯ ಬಹುಪಾಲು ಅದರ ಸುತ್ತಲೇ ನಡೆದಿದೆ.

ಒಳಗೆ ನಡೆಯುವುದು ಇಷ್ಟು. ಗಾಳಿಗೂಡಿಗೂ ಲೋಮನಾಳಕ್ಕೂ ನಡುವಿನ ಪರದೆ ಅರ್ಧ ಮೈಕ್ರಾನ್‌ನಷ್ಟು ತೆಳು. ನ್ಯುಮೋನಿಯಾ, ಸೆಪ್ಸಿಸ್ (ಸೋಂಕಿಗೆ ಮೈಯೆಲ್ಲ ಕೆರಳಿ ಅಂಗಗಳು ಸೋಲುವುದು), ಹೊಟ್ಟೆಯ ಆಮ್ಲ ಶ್ವಾಸನಾಳಕ್ಕೆ ಇಳಿಯುವುದು, ದೊಡ್ಡ ಅಪಘಾತ, ಇವುಗಳಲ್ಲಿ ಯಾವುದರಿಂದಲಾದರೂ ಆ ಪರದೆ ಎರಡೂ ಬದಿಯಿಂದ ಗಾಯಗೊಂಡರೆ ಪ್ರೋಟೀನ್ ತುಂಬಿದ ದ್ರವ ಗಾಳಿಗೂಡಿಗೆ ಸೋರುತ್ತದೆ. ಆ ಪ್ರೋಟೀನ್, ಗೂಡು ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಲೇಪವನ್ನು ಕೆಡಿಸುತ್ತದೆ, ಗೂಡು ಕುಸಿಯುತ್ತದೆ. ಕುಸಿದ ಗೂಡಿನ ಪಕ್ಕ ಹರಿದ ರಕ್ತ ಆಮ್ಲಜನಕ ಪಡೆಯದೆ ಹಾಗೆಯೇ ಹೃದಯಕ್ಕೆ ಮರಳುತ್ತದೆ. ಮಾಸ್ಕ್‌ನಲ್ಲಿ 100% ಆಮ್ಲಜನಕ ಕೊಟ್ಟರೂ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಏರದಿರುವುದು ಇದರಿಂದಲೇ.

1974ರಲ್ಲಿ ವೆಬ್ ಮತ್ತು ಟಿಯರ್ನಿ ಆರೋಗ್ಯವಂತ ಇಲಿಗಳಿಗೆ 45 ಸೆಂ.ಮೀ. ನೀರಿನ ಒತ್ತಡದಲ್ಲಿ ಗಾಳಿ ಕೊಟ್ಟರು. ಒಂದು ಗಂಟೆಯೊಳಗೇ ಶ್ವಾಸಕೋಶ ನೀರು ತುಂಬಿ ರಕ್ತಸಿಕ್ತವಾಯಿತು. 1980ರ ದಶಕದಲ್ಲಿ ಡ್ರೇಫಸ್ ಮತ್ತು ಸಂಗಡಿಗರು ಇಲಿಗಳ ಎದೆಗೆ ಪಟ್ಟಿ ಬಿಗಿದು, ಒತ್ತಡ ಅಷ್ಟೇ ಇದ್ದರೂ ಶ್ವಾಸಕೋಶ ಹಿಗ್ಗದಂತೆ ತಡೆದರೆ ಆ ಹಾನಿ ಆಗುವುದಿಲ್ಲ ಎಂದು ತೋರಿಸಿದರು. ಹಾಗಾದರೆ ಗಾಯ ಮಾಡುವುದು ಅತಿಯಾದ ಹಿಗ್ಗುವಿಕೆ. ಅದೇ ದಶಕದಲ್ಲಿ ಇಟಲಿಯ ವೈದ್ಯ ಗಟ್ಟಿನೋನಿ ಅವರು ಸಿಟಿ ಸ್ಕ್ಯಾನ್ ನೋಡಿ ಇನ್ನೊಂದು ತುಣುಕು ಜೋಡಿಸಿದರು: ಈ ರೋಗಿಗಳಲ್ಲಿ ಗಾಳಿಯಾಡುವ ಭಾಗ ಉಳಿದಿರುವುದು ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟು. ದೊಡ್ಡವರ ಅಳತೆಯ ಗಾಳಿಯೆಲ್ಲ ಆ ಸಣ್ಣ ಭಾಗಕ್ಕೇ ನುಗ್ಗುತ್ತದೆ. 2000ದಲ್ಲಿ ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ರೋಗಿಗಳ ಟ್ರಯಲ್ (ಗುಂಪುಗಳಿಗೆ ಬೇರೆಬೇರೆ ಚಿಕಿತ್ಸೆ ಕೊಟ್ಟು ಹೋಲಿಸುವ ಪ್ರಯೋಗ) ಪ್ರಕಟಿಸಿತು. ಪ್ರತಿ ಉಸಿರಿಗೆ ಕಿಲೋಗೆ 12 ಮಿ.ಲೀ. ಪಡೆದವರಲ್ಲಿ 39.8% ತೀರಿಕೊಂಡರು, 6 ಮಿ.ಲೀ. ಪಡೆದವರಲ್ಲಿ 31%. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಗುಂಡಿ ತಿರುಗಿಸುವ ಕ್ರಮ ಬದಲಾಯಿತು, ಜೀವಗಳು ಉಳಿದವು.

ಉಳಿದಿರುವುದು ಬೇಕಾದಷ್ಟಿದೆ. ಸೋರುವ ಪರದೆಯನ್ನೇ ನೇರವಾಗಿ ಮುಚ್ಚುವ, ಟ್ರಯಲ್‌ನಲ್ಲಿ ಗೆದ್ದ ಔಷಧ ಇನ್ನೂ ಇಲ್ಲ. ಒಂದೇ ಸೋಂಕಿನಲ್ಲಿ ಒಬ್ಬರ ಶ್ವಾಸಕೋಶ ಬಿದ್ದು ಇನ್ನೊಬ್ಬರದು ಉಳಿಯುವುದು ಯಾಕೆಂಬುದು ಪೂರ್ತಿ ಬಿಡಿಸಿಲ್ಲ. ಗೊತ್ತಿರುವುದನ್ನು ಪ್ರತಿ ಹಾಸಿಗೆಯಲ್ಲಿ ಮಾಡಿಸುವುದಂತೂ ಅರ್ಧಕ್ಕೇ ನಿಂತಿದೆ.

ಪ್ರಶ್ನೆ: ಐಸಿಯುನಲ್ಲಿ ನರ್ಸ್ ಆಗಿದ್ದೇನೆ. 90 ಕಿಲೋ ತೂಕದ ಮಹಿಳೆಗೆ ವೈದ್ಯರು ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿನ ಗಾಳಿ) 300 ಮಿ.ಲೀ. ಇಟ್ಟರು. ಕಿಲೋಗೆ 6 ಎಂದರೆ 540 ಆಗಬೇಕಲ್ಲವೇ? ಇಷ್ಟು ಕಡಿಮೆ ಗಾಳಿ ಸಾಕಾಗುತ್ತದೆಯೇ?

ಉತ್ತರ: ಕೇಳಲೇಬೇಕಾದ ಪ್ರಶ್ನೆ ಕೇಳಿದ್ದೀರಿ. ಇಲ್ಲಿನ ಕಿಲೋ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈಯಲ್ಲಿ ಕೊಬ್ಬು ಹೆಚ್ಚಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಗಾತ್ರ ಎತ್ತರವನ್ನೂ ಲಿಂಗವನ್ನೂ ಅನುಸರಿಸುತ್ತದೆ.

ಸೂತ್ರ ಹೀಗಿದೆ. ಸೆಂ.ಮೀ.ನಲ್ಲಿ ಎತ್ತರ ತೆಗೆದುಕೊಂಡು 152.4 ಕಳೆಯಿರಿ, ಬಂದದ್ದನ್ನು 0.91ರಿಂದ ಗುಣಿಸಿ. ಮಹಿಳೆಯಾದರೆ ಅದಕ್ಕೆ 45.5 ಕೂಡಿಸಿ, ಪುರುಷನಾದರೆ 50. ನಿಮ್ಮ ರೋಗಿಯ ಎತ್ತರ 158 ಸೆಂ.ಮೀ. ಎಂದುಕೊಂಡರೆ 50.6 ಕಿಲೋ ಬರುತ್ತದೆ, ಅದರ ಆರು ಪಟ್ಟು ಸುಮಾರು 304 ಮಿ.ಲೀ. ನೀವು ಹೇಳಿದ 540 ಇಟ್ಟಿದ್ದರೆ ಕಿಲೋಗೆ 10.7 ಮಿ.ಲೀ. ಆಗುತ್ತಿತ್ತು. 2000ದ ಟ್ರಯಲ್‌ನಲ್ಲಿ ಹೆಚ್ಚು ಸಾವು ಕಂಡ ಗುಂಪಿನ ಹತ್ತಿರಕ್ಕೇ ಹೋದಂತೆ.

ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಟೇಪ್ ಹಿಡಿದು, ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯಿರಿ. ಕಾಲು ಮಡಚಿಕೊಂಡಿದ್ದರೆ ಅಥವಾ ಬೆನ್ನು ಬಾಗಿದ್ದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆಯ ಉದ್ದ ಅಳೆದು ಕೋಷ್ಟಕದಿಂದ ಎತ್ತರ ತೆಗೆಯಬಹುದು. ಅಂದಾಜಿನ ಪೆಟ್ಟು ಹೆಚ್ಚಾಗಿ ಬೀಳುವುದು ಕುಳ್ಳಗಿರುವವರ ಮೇಲೆ, ಅದರಲ್ಲೂ ಮಹಿಳೆಯರ ಮೇಲೆ. ಎಲ್ಲರಿಗೂ 450 ಎಂದು ಇಟ್ಟುಬಿಡುವ ರೂಢಿಯಿದ್ದಲ್ಲಿ ಅವರಿಗೇ ಮಿತಿಮೀರಿದ ಗಾಳಿ ಹೋಗುತ್ತದೆ.

ಸಾಕಾಗುತ್ತದೆಯೇ ಎಂಬುದಕ್ಕೆ: ಉಸಿರಿನ ಗಾತ್ರ ಇಳಿದದ್ದನ್ನು ಉಸಿರಿನ ಸಂಖ್ಯೆ ಏರಿಸಿ ತುಂಬುತ್ತಾರೆ, ನಿಮಿಷಕ್ಕೆ ಗರಿಷ್ಠ 35ರವರೆಗೆ. ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಬಹುದು. ರಕ್ತದ ಪಿಎಚ್ 7.30ಕ್ಕಿಂತ ಇಳಿದಾಗ ಸಂಖ್ಯೆ ಏರಿಸುವುದು, 7.15ಕ್ಕಿಂತ ಕೆಳಗೆ ಹೋಗುವಂತಿದ್ದರೆ ಮಾತ್ರ ಗಾತ್ರ ಹೆಚ್ಚಿಸುವುದು ಆ ಟ್ರಯಲ್‌ನ ಕ್ರಮ. ತಲೆಯೊಳಗಿನ ಒತ್ತಡ ಏರಿರುವ ರೋಗಿಗೆ ಈ ಸಡಿಲಿಕೆ ಹೊಂದುವುದಿಲ್ಲ. ಅವರಿಗೆ ಕಾರ್ಬನ್ ಡೈಆಕ್ಸೈಡ್ ಏರುವುದೇ ಅಪಾಯ. ಆಮ್ಲಜನಕಕ್ಕೆ ಟ್ರಯಲ್ ಇಟ್ಟ ಗುರಿ ಸ್ಯಾಚುರೇಷನ್ 88ರಿಂದ 95%.

ನೀವು ಗಮನಿಸಬೇಕಾದ ಎರಡು ತೊಂದರೆಗಳು. ಸಂಖ್ಯೆ ಏರಿಸಿದಾಗ ಉಸಿರು ಪೂರ್ತಿ ಹೊರಬರುವ ಮೊದಲೇ ಮುಂದಿನದು ಒಳಹೋಗಬಹುದು. ವೆಂಟಿಲೇಟರ್ ಪರದೆಯ ಮೇಲಿನ ಫ್ಲೋ (ಗಾಳಿಯ ಹರಿವಿನ) ಗೆರೆ ಸೊನ್ನೆಗೆ ಮರಳದಿದ್ದರೆ ಗಾಳಿ ಒಳಗೆ ಕೂಡಿಬೀಳುತ್ತಿದೆ ಎಂದರ್ಥ, ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯಬಹುದು. ಇನ್ನೊಂದು, ಗಾಳಿ ಸಾಲದೆನಿಸಿದ ರೋಗಿ ಒಂದರ ಬೆನ್ನಿಗೆ ಇನ್ನೊಂದು ಉಸಿರು ಎಳೆದುಕೊಂಡರೆ 300 ಇಟ್ಟಿದ್ದರೂ ಒಳಹೋಗುವುದು 600. ಪರದೆಯ ಮೇಲೆ ನಾವು ಇಟ್ಟ ಅಂಕಿಯೇ ಕಾಣುತ್ತಿರುತ್ತದೆ, ಗೆರೆಯ ಆಕಾರ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಪ್ರಶ್ನೆ: ಶ್ವಾಸಕೋಶದ ನೀರನ್ನು ಬೇಗ ಹೀರಿಸುವ ಔಷಧಗಳು ಪ್ರಯೋಗಾಲಯದಲ್ಲಿ ಯಶಸ್ವಿಯಾಗಿದ್ದವು ಎಂದು ಓದಿದ್ದೆ. ಅವು ರೋಗಿಗಳಿಗೆ ಯಾಕೆ ಬರಲಿಲ್ಲ?

ಉತ್ತರ: ಈ ವೃತ್ತಿಗೆ ಬರುವವರೆಲ್ಲ ಓದಲೇಬೇಕಾದ ಅಧ್ಯಾಯವಿದು. ಗಾಳಿಗೂಡಿನ ಗೋಡೆಯ ಕೋಶಗಳು ಸೋಡಿಯಂ ಅನ್ನು ಒಳಗೆಳೆದು ಇನ್ನೊಂದು ಬದಿಗೆ ಪಂಪ್ ಮಾಡುತ್ತವೆ, ನೀರು ಅದರ ಹಿಂದೆ ಹೋಗುತ್ತದೆ. 2001ರಲ್ಲಿ ವೇರ್ ಮತ್ತು ಮ್ಯಾಥೆ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶ ಗಾಯಗೊಂಡ ಹೆಚ್ಚಿನ ರೋಗಿಗಳಲ್ಲಿ ಈ ಪಂಪ್ ಕುಂಟುತ್ತಿತ್ತು. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಹೆಚ್ಚು ಬದುಕುಳಿದರು. ಆಸ್ತಮಾಗೆ ಬಳಸುವ ಸಾಲ್ಬುಟಮಾಲ್ ಜಾತಿಯ ಔಷಧಗಳು ಪಂಪ್ ಅನ್ನು ಚುರುಕುಗೊಳಿಸುತ್ತವೆ ಎಂಬುದು ಪ್ರಾಣಿಗಳಲ್ಲಿ ಗೊತ್ತಿತ್ತು. 2006ರಲ್ಲಿ ಬ್ರಿಟನ್ನಿನ 40 ರೋಗಿಗಳ ಟ್ರಯಲ್‌ನಲ್ಲಿ ಸಾಲ್ಬುಟಮಾಲ್ ಅನ್ನು ರಕ್ತನಾಳದ ಮೂಲಕ ಕೊಟ್ಟಾಗ ಶ್ವಾಸಕೋಶದ ನೀರು ನಿಜಕ್ಕೂ ಇಳಿಯಿತು.

ಇಲ್ಲಿಯವರೆಗೆ ಕೊಂಡಿ ಎಲ್ಲೂ ಕಳಚಿಲ್ಲ. 2012ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್ ಅನ್ನು ಮಾತ್ರ ನಡುವೆಯೇ ನಿಲ್ಲಿಸಬೇಕಾಯಿತು. 326 ಜನ ಸೇರಿದ್ದಾಗ ಲೆಕ್ಕ ನೋಡಿದರೆ, 28 ದಿನಗಳಲ್ಲಿ ಔಷಧ ಪಡೆದವರಲ್ಲಿ 34% ಸತ್ತಿದ್ದರು, ಪಡೆಯದವರಲ್ಲಿ 23%. ಹೃದಯ ಬಡಿತ ಏರುವುದು, ಲಯ ತಪ್ಪುವುದು, ರಕ್ತದಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ಔಷಧದ ಗುಂಪಿನಲ್ಲಿ ಹೆಚ್ಚಿದ್ದವು. ತೀರಾ ಗಾಯಗೊಂಡ ಗೋಡೆಯಲ್ಲಿ ಚುರುಕುಗೊಳಿಸಲು ಕೋಶವೇ ಉಳಿದಿರುವುದಿಲ್ಲ ಎಂಬ ವಿವರಣೆಯೂ ಇದೆ. 40 ಜನರ ಟ್ರಯಲ್ ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ನೀರನ್ನು, ಬದುಕನ್ನಲ್ಲ.

ಇದೇ ಪಾಠ ಬೇರೆ ಕಡೆಯೂ ಸಿಗುತ್ತದೆ. ಉಸಿರಿನ ಗಾಳಿಯೊಂದಿಗೆ ಕೊಡುವ ನೈಟ್ರಿಕ್ ಆಕ್ಸೈಡ್‌ನಿಂದ ಆಮ್ಲಜನಕ ಏರುತ್ತದೆ, ಸಾವು ಇಳಿಯುವುದಿಲ್ಲ. 2000ದ ಟ್ರಯಲ್‌ನಲ್ಲೇ ಮೊದಲ ದಿನಗಳಲ್ಲಿ ಆಮ್ಲಜನಕದ ಮಟ್ಟ ಚೆನ್ನಾಗಿದ್ದದ್ದು 12 ಮಿ.ಲೀ. ಗುಂಪಿನಲ್ಲಿ, ಹೆಚ್ಚು ಜನ ತೀರಿಕೊಂಡದ್ದೂ ಅದೇ ಗುಂಪಿನಲ್ಲಿ. ರಾತ್ರಿ ಪಾಳಿಯಲ್ಲಿ ಸ್ಯಾಚುರೇಷನ್ ನೋಡಿ ಸಮಾಧಾನಪಟ್ಟುಕೊಳ್ಳುವ ವೈದ್ಯರು ಇದನ್ನು ಮರೆಯಬಾರದು.

ಇನ್ನೊಂದು ಕಾರಣ, ಎಆರ್‌ಡಿಎಸ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ರೋಗಿಗಳಿದ್ದಾರೆ. 2014ರಲ್ಲಿ ಕ್ಯಾಲ್ಫಿ ಮತ್ತು ಸಂಗಡಿಗರು ಹಳೆಯ ಎರಡು ಟ್ರಯಲ್‌ಗಳ ದತ್ತಾಂಶವನ್ನು ಮತ್ತೆ ಜಾಲಾಡಿ ಎರಡು ಬಗೆ ಗುರುತಿಸಿದರು. ಸುಮಾರು ಮೂರನೇ ಒಂದು ಭಾಗದವರಲ್ಲಿ ಉರಿಯೂತದ ಸೂಚಕಗಳು ಬಹಳ ಹೆಚ್ಚು, ರಕ್ತದ ಬೈಕಾರ್ಬನೇಟ್ ಕಡಿಮೆ, ಸಾವು ಹೆಚ್ಚು. ಹೆಚ್ಚಿನ ಪೀಪ್ (ಉಸಿರು ಹೊರಬಿಟ್ಟ ಕೊನೆಯಲ್ಲೂ ವೆಂಟಿಲೇಟರ್ ಉಳಿಸುವ ಒತ್ತಡ) ಈ ಎರಡು ಗುಂಪುಗಳಲ್ಲಿ ಭಿನ್ನ ಪರಿಣಾಮ ತೋರಿತು. ಒಟ್ಟು ಸರಾಸರಿಯಲ್ಲಿ ಅದು ಅಳಿಸಿಹೋಗಿತ್ತು. ಇದು ಮುಗಿದ ಟ್ರಯಲ್‌ನ ಮರುವಿಶ್ಲೇಷಣೆ, ಹೊಸ ಟ್ರಯಲ್‌ನಲ್ಲಿ ಮೊದಲೇ ಗುಂಪು ಮಾಡಿ ಪರೀಕ್ಷಿಸಿದ ಮೇಲೆಯೇ ಚಿಕಿತ್ಸೆಯಾಗಬೇಕು. ಆದರೂ ಮುಂದಿನ ದಾರಿ ಇದೇ ಎಂಬುದು ನಮ್ಮ ಅಭಿಪ್ರಾಯ. 2020ರ ರಿಕವರಿ ಟ್ರಯಲ್ ಇದಕ್ಕೆ ಒತ್ತು ಕೊಡುತ್ತದೆ: ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಅನ್ನು ದಿನಕ್ಕೆ 6 ಮಿ.ಗ್ರಾಂ ಕೊಟ್ಟಿದ್ದರಿಂದ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು 41.4ರಿಂದ 29.3%ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ.

ಪ್ರಶ್ನೆ: ತರಬೇತಿಯಲ್ಲಿದ್ದೇನೆ. ಮೊದಲ ಅಧ್ಯಯನವನ್ನು ಎಲ್ಲಿಂದ ಶುರುಮಾಡಲಿ? ನಮ್ಮ ಘಟಕದಲ್ಲಿ ವರ್ಷಕ್ಕೆ 60 ಎಆರ್‌ಡಿಎಸ್ ರೋಗಿಗಳು ಬರುತ್ತಾರೆ. ಹೊಸ ಚಿಕಿತ್ಸೆಯೊಂದರ ಟ್ರಯಲ್ ಮಾಡುವ ಆಸೆಯಿದೆ.

ಉತ್ತರ: ಮೊದಲು ಲೆಕ್ಕ ಹಾಕೋಣ. ಸಾವು 40%ರಿಂದ 30%ಕ್ಕೆ ಇಳಿಯುತ್ತದೆ ಎಂಬ ದೊಡ್ಡ ಆಸೆಯನ್ನೇ ಇಟ್ಟುಕೊಂಡರೂ, ಅದನ್ನು ಹಿಡಿಯುವ ಸಾಧ್ಯತೆ 80% ಇರಬೇಕಾದರೆ ಒಂದೊಂದು ಗುಂಪಿಗೂ ಸುಮಾರು 355 ಜನ ಬೇಕು. 35%ಕ್ಕೆ ಇಳಿಯುತ್ತದೆ ಎಂದರೆ ಗುಂಪಿಗೆ 1,470ರಷ್ಟು. ನಿಮ್ಮ ಘಟಕದ ಪ್ರತಿಯೊಬ್ಬ ರೋಗಿಯೂ ಒಪ್ಪಿದರೂ ಮೊದಲನೆಯದಕ್ಕೇ ಹನ್ನೆರಡು ವರ್ಷ ಬೇಕಾಗುತ್ತದೆ. ಒಬ್ಬರೇ ಮಾಡುವ ಟ್ರಯಲ್ ಬೇಡ. ಹಲವು ಘಟಕಗಳು ಸೇರಿ ಮಾಡುವ ಟ್ರಯಲ್‌ಗೆ ನಿಮ್ಮ ಘಟಕವನ್ನು ಸೇರಿಸಿ, ಅಲ್ಲಿ ರೋಗಿಗಳನ್ನು ಆಯುವುದು, ದಾಖಲೆ ಇಡುವುದು ಕಲಿಯಿರಿ. ಜೊತೆಗೆ ನಿಮ್ಮದೇ ಆದ ಒಂದು ಸಣ್ಣ, ಪೂರ್ತಿ ಮುಗಿಯುವ ಅಧ್ಯಯನ ಇರಲಿ.

ಸಣ್ಣದು ಎಂದರೆ ಇಂಥದ್ದು: ನಿಮ್ಮ ಘಟಕದಲ್ಲಿ ವೆಂಟಿಲೇಟರ್ ಮೇಲಿರುವವರಲ್ಲಿ ಎಷ್ಟು ಜನರ ಎತ್ತರ ದಾಖಲಾಗಿದೆ, ಎಷ್ಟು ಜನರಿಗೆ ಮೊದಲ 24 ಗಂಟೆಯಲ್ಲಿ ಕಿಲೋಗೆ 8 ಮಿ.ಲೀ.ಗಿಂತ ಕಡಿಮೆ ಹೋಗಿದೆ, ಪ್ಲೇಟೋ ಒತ್ತಡ (ಉಸಿರು ಒಳಹೋದ ಕೊನೆಯಲ್ಲಿ ತಡೆಹಿಡಿದಾಗಿನ ಒತ್ತಡ) ಎಷ್ಟು ಸಲ ಅಳೆದಿದ್ದಾರೆ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ರೋಗಿಗಳು ಯಾರು, ಏನು ಅಳೆಯುತ್ತೀರಿ, ಯಾವ ಗಂಟೆಯಲ್ಲಿ ಅಳೆಯುತ್ತೀರಿ, ಈ ಮೂರೂ ಅದರಲ್ಲಿ ಇರಬೇಕು. ಅನಂತರ ಒಂದು ಪುಟದ ದಾಖಲೆ ಹಾಳೆ. 20ಕ್ಕಿಂತ ಹೆಚ್ಚು ಅಂಶ ಬೇಡ, ಹೆಚ್ಚಾದಷ್ಟೂ ಖಾಲಿ ಜಾಗ ಹೆಚ್ಚುತ್ತದೆ. ಪ್ರತಿ ಅಂಶಕ್ಕೂ ಏಕಮಾನ ಮತ್ತು ಸಾಧ್ಯವಿರುವ ಕನಿಷ್ಠ, ಗರಿಷ್ಠ ಅಂಕಿ ಬರೆದಿಡಿ. ಹತ್ತು ರೋಗಿಗಳ ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ ತುಂಬಿ ಹೋಲಿಸಿ. ಹೊಂದದ ಕಡೆ ವ್ಯಾಖ್ಯೆ ಸಡಿಲವಾಗಿದೆ ಎಂದರ್ಥ. ವಿಶ್ಲೇಷಣೆಯ ಕ್ರಮವನ್ನು ದತ್ತಾಂಶ ತೆರೆಯುವ ಮೊದಲೇ ಬರೆದು ದಿನಾಂಕ ಹಾಕಿ. ನೈತಿಕ ಸಮಿತಿಯ ಒಪ್ಪಿಗೆ ಬರುವ ಮೊದಲು ಒಂದು ಅಂಕಿಯನ್ನೂ ಸಂಗ್ರಹಿಸಬಾರದು.

ಐಸಿಯು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೋಷವನ್ನು ಈಗಲೇ ತಿಳಿದುಕೊಳ್ಳಿ. ಹತ್ತನೇ ದಿನ ಕತ್ತಿನಲ್ಲಿ ನಳಿಕೆ ಹಾಕಿಸಿಕೊಂಡವರು ಹೆಚ್ಚು ಬದುಕಿದರು ಎಂದು ದತ್ತಾಂಶ ತೋರಿಸಬಹುದು. ಆದರೆ ಆ ಗುಂಪಿಗೆ ಸೇರಲು ಹತ್ತು ದಿನ ಬದುಕಿರಲೇಬೇಕಿತ್ತು. ಮೂರನೇ ದಿನ ತೀರಿಕೊಂಡವರೆಲ್ಲ ತಾವಾಗಿ ಇನ್ನೊಂದು ಗುಂಪಿಗೆ ಬೀಳುತ್ತಾರೆ. ಹೀಗಾಗದಂತೆ ಎಲ್ಲರನ್ನೂ ಒಂದೇ ದಿನದಿಂದ ಎಣಿಸಬೇಕು. ವೆಂಟಿಲೇಟರ್ ಮೇಲಿದ್ದ ದಿನಗಳನ್ನು ಹಾಗೇ ಹೋಲಿಸುವುದೂ ಇದೇ ತಪ್ಪು, ಬೇಗ ಸತ್ತವರ ದಿನಗಳು ಕಡಿಮೆಯಾಗಿ ಚಿಕಿತ್ಸೆ ಚೆನ್ನಾಗಿದೆ ಎನಿಸುತ್ತದೆ. ಅದಕ್ಕೇ 28 ದಿನಗಳಲ್ಲಿ ವೆಂಟಿಲೇಟರ್ ಇಲ್ಲದೆ ಬದುಕಿದ್ದ ದಿನಗಳನ್ನು ಎಣಿಸುತ್ತಾರೆ. ಸತ್ತವರಿಗೆ ಸೊನ್ನೆ.

ಪ್ರಶ್ನೆ: ಶ್ವಾಸಕೋಶ ತೊಳೆದು ತೆಗೆದ ದ್ರವದ ಮಾದರಿಗಳು ನಮ್ಮ ಪ್ರಯೋಗಾಲಯದಲ್ಲಿ ಒಂದಕ್ಕೊಂದು ಹೊಂದುವುದೇ ಇಲ್ಲ. ಎಲ್ಲಿ ತಪ್ಪುತ್ತಿರಬಹುದು?

ಉತ್ತರ: ಹಾಸಿಗೆಯಿಂದ ಫ್ರೀಜರ್‌ವರೆಗಿನ ದಾರಿಯಲ್ಲಿ. ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸಿ ನೋಡುವ ಕೊಳವೆ) ತುದಿಯನ್ನು ಶ್ವಾಸನಾಳದ ಕವಲಿನಲ್ಲಿ ಬಿಗಿಯಾಗಿ ಕೂರಿಸಿ, 100ರಿಂದ 300 ಮಿ.ಲೀ. ಲವಣ ದ್ರಾವಣವನ್ನು ಮೂರರಿಂದ ಐದು ಕಂತಿನಲ್ಲಿ ಹಾಕಿ ಎಳೆಯುವುದು ವಾಡಿಕೆ. ಹಾಕಿದ್ದರಲ್ಲಿ 30% ಆದರೂ ಮರಳಬೇಕು. ಬಲವಾಗಿ ಎಳೆದರೆ ನಾಳ ಕುಸಿದು ಏನೂ ಬರುವುದಿಲ್ಲ, ರಕ್ತ ಬೆರೆಯುತ್ತದೆ. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂದು ಪ್ರತಿ ಸಲ ಬರೆಯಲೇಬೇಕು. ಇದನ್ನು ಬಿಟ್ಟರೆ ಒಂದು ಮಾದರಿ ಎಷ್ಟು ತೆಳುವಾಗಿದೆ ಎಂದು ತಿಳಿಯುವ ಉಪಾಯವಿಲ್ಲ. ರಕ್ತದ ಯೂರಿಯಾ ಜೊತೆ ಹೋಲಿಸಿ ತಿದ್ದುವ ಕ್ರಮವಿದೆ, ಸೋರುವ ಶ್ವಾಸಕೋಶದಲ್ಲಿ ಅದೂ ಪೂರ್ತಿ ನಂಬಿಕೆಗೆ ಬರುವುದಿಲ್ಲ.

ಬಂದ ದ್ರವವನ್ನು ಮಂಜುಗಡ್ಡೆಯ ಮೇಲಿಟ್ಟು ಬೇಗ ಸೆಂಟ್ರಿಫ್ಯೂಜ್‌ಗೆ ಹಾಕಿ. ಕೋಶಗಳನ್ನು ಬೇರೆ ಮಾಡದೆ ಗಂಟೆಗಟ್ಟಲೆ ಬಿಟ್ಟರೆ ಅವು ಒಡೆದು ತಮ್ಮೊಳಗಿನ ಪ್ರೋಟೀನ್ ಬಿಡುತ್ತವೆ, ನೀವು ಅಳೆಯುವುದು ರೋಗವನ್ನೋ ಕಾಯಿಸಿದ್ದನ್ನೋ ಎಂದು ತಿಳಿಯುವುದಿಲ್ಲ. ಮೇಲಿನ ತಿಳಿಯನ್ನು 0.5 ಮಿ.ಲೀ.ನ ಸಣ್ಣ ನಳಿಕೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದೇ ದೊಡ್ಡ ನಳಿಕೆಯಲ್ಲಿಟ್ಟು ಪ್ರತಿ ಪರೀಕ್ಷೆಗೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದರಿಂದ ಹಾಳಾದ ಮಾದರಿಗಳಿಗೆ ಲೆಕ್ಕವಿಲ್ಲ.

ನೀರು ತುಂಬಿದ ಶ್ವಾಸಕೋಶದಲ್ಲಿ ಉಸಿರುನಳಿಕೆ ಹಾಕಿದ ತಕ್ಷಣ ತೆಳುವಾದ ಕೆಥೆಟರ್‌ನಿಂದ, ಏನೂ ಬೆರೆಸದ ದ್ರವವೇ ಸಿಗುತ್ತದೆ. ಅದರ ಪ್ರೋಟೀನ್ ಅನ್ನು ರಕ್ತದ ಪ್ರೋಟೀನ್‌ನಿಂದ ಭಾಗಿಸಿದಾಗ 0.65 ಅಥವಾ ಹೆಚ್ಚು ಬಂದರೆ ಪರದೆ ಸೋರುತ್ತಿದೆ, ಕಡಿಮೆಯಾದರೆ ಹೃದಯದ ಒತ್ತಡದ ನೀರು ಎಂಬುದರ ಕಡೆಗೆ ವಾಲುತ್ತದೆ. ಇನ್ನೊಂದು ಮಾತು: ಆಮ್ಲಜನಕ ಅಂಚಿನಲ್ಲಿರುವ ರೋಗಿಗೆ ಬರೀ ಸಂಶೋಧನೆಗಾಗಿ ಬ್ರಾಂಕೋಸ್ಕೋಪ್ ಹಾಕಬಾರದು.

ಪ್ರಶ್ನೆ: ನಮ್ಮ ತಂದೆ ಪ್ರಜ್ಞೆಯಿಲ್ಲದೆ ಐಸಿಯುನಲ್ಲಿದ್ದರು. ಸಂಶೋಧನೆಗೆ ಸೇರಿಸಲು ನನ್ನ ಸಹಿ ಕೇಳಿದರು. ಹೆದರಿ ಬೇಡ ಎಂದೆ. ತಪ್ಪಾಯಿತೇ?

ಉತ್ತರ: ಖಂಡಿತ ತಪ್ಪಲ್ಲ. ಒಪ್ಪದಿದ್ದರೂ ಅವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು, ಒಪ್ಪಿದ ಮೇಲೂ ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು. ಮುಂದೆ ಯಾರಿಗಾದರೂ ಇಂಥ ಸಂದರ್ಭ ಬಂದರೆ ವೈದ್ಯರನ್ನು ಕೇಳಬೇಕಾದದ್ದು: ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು, ಸೇರಿದರೆ ಹೆಚ್ಚುವರಿಯಾಗಿ ಏನು ಮಾಡುತ್ತೀರಿ, ಎಷ್ಟು ರಕ್ತ ತೆಗೆಯುತ್ತೀರಿ, ಈವರೆಗೆ ಗೊತ್ತಿರುವ ಅಪಾಯಗಳೇನು, ಮಾದರಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ತೊಂದರೆಯಾದರೆ ಹೊಣೆ ಯಾರದು. ನೀವು ಸಹಿಯ ಮೂಲಕ ಹೇಳುವುದು ನಿಮ್ಮ ಇಷ್ಟವನ್ನಲ್ಲ, ಎಚ್ಚರವಿದ್ದಿದ್ದರೆ ತಂದೆಯವರು ಏನು ಹೇಳುತ್ತಿದ್ದರು ಎಂಬುದನ್ನು. ರೋಗಿಗೆ ಪ್ರಜ್ಞೆ ಮರಳಿದ ಮೇಲೆ ಅವರ ಸ್ವಂತ ಒಪ್ಪಿಗೆಯನ್ನು ಮತ್ತೆ ಕೇಳಬೇಕು.

ಕಿರಿಯ ವೈದ್ಯರಿಗೂ ಒಂದು ಮಾತು. ರೋಗಿಯ ಸ್ಥಿತಿ ಬಿಗಡಾಯಿಸಿದೆ ಎಂದು ಮನೆಯವರಿಗೆ ಹೇಳಿದ ಅದೇ ಉಸಿರಿನಲ್ಲಿ ಸಮ್ಮತಿ ಪತ್ರ ಚಾಚಬೇಡಿ. ಎರಡು ಬೇರೆ ಮಾತುಕತೆಗಳಿರಲಿ. ಆಗುವುದಾದರೆ ಚಿಕಿತ್ಸೆ ನೋಡುವ ವೈದ್ಯರೇ ಬೇರೆ, ಸಮ್ಮತಿ ಕೇಳುವವರೇ ಬೇರೆ ಇರಲಿ.

ಪ್ರಶ್ನೆ: ಬೋಧನೆಯೇ ನನಗಿಷ್ಟ. ವೆಂಟಿಲೇಟರ್ ಪಾಠವನ್ನು ತರಗತಿಯಲ್ಲಿ ಮಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ರಾತ್ರಿ ಪಾಳಿಯಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ.

ಉತ್ತರ: ಹಾಸಿಗೆಯ ಪಕ್ಕ ನಿಂತು, ಒಂದು ಸಲಕ್ಕೆ ಒಂದೇ ವಿಷಯ. ಶುರುವಿಗೆ ನಾವು ಸೂಚಿಸುವುದು ಒತ್ತಡದ ಎಚ್ಚರಿಕೆ ಗಂಟೆ. ಇಬ್ಬರು ರೋಗಿಗಳು, ಇಬ್ಬರಲ್ಲೂ ಗರಿಷ್ಠ ಒತ್ತಡ 42 ಸೆಂ.ಮೀ. ನೀರು. ಉಸಿರು ಒಳಹೋದ ಕೊನೆಯಲ್ಲಿ ಅರ್ಧ ಸೆಕೆಂಡು ತಡೆಹಿಡಿಯುವ ಗುಂಡಿ ಒತ್ತಿಸಿ. ಒಬ್ಬರಲ್ಲಿ ಅದು 24ಕ್ಕೆ ಇಳಿಯಿತು: ಅಡ್ಡಿ ನಾಳದಲ್ಲಿದೆ, ಕಫ ಕಟ್ಟಿದೆಯೇ, ನಳಿಕೆ ಮಡಚಿದೆಯೇ, ರೋಗಿ ಕಚ್ಚಿಕೊಂಡಿದ್ದಾರೆಯೇ, ನಾಳ ಬಿಗಿದಿದೆಯೇ ನೋಡಿ. ಇನ್ನೊಬ್ಬರಲ್ಲಿ 38ರಲ್ಲೇ ನಿಂತಿತು: ಶ್ವಾಸಕೋಶವೇ ಹಿಗ್ಗುತ್ತಿಲ್ಲ. ಎದೆಗೂಡಿನಲ್ಲಿ ಗಾಳಿ ಸೇರಿದೆಯೇ, ನಳಿಕೆ ಬಲ ಶ್ವಾಸಕೋಶದ ಕವಲಿಗೆ ಇಳಿದಿದೆಯೇ, ನೀರು ಹೆಚ್ಚಿತೇ, ಹೊಟ್ಟೆ ಉಬ್ಬಿದೆಯೇ ನೋಡಿ. ಇದನ್ನು ಕೈಯಾರೆ ಮಾಡಿದವರು ಮರೆಯುವುದಿಲ್ಲ. ಹೀಗೆ ತಡೆಹಿಡಿದಾಗ ಬರುವ ಅಂಕಿಯೇ ಪ್ಲೇಟೋ ಒತ್ತಡ, 30ರೊಳಗಿರಬೇಕು. ಮೀರಿದರೆ ಟೈಡಲ್ ವಾಲ್ಯೂಮ್ ಅನ್ನು ಕಿಲೋಗೆ 1 ಮಿ.ಲೀ.ನಂತೆ ಇಳಿಸುತ್ತಾ 4ರವರೆಗೆ ಹೋಗಬಹುದು. ಅದರಿಂದ ಪೀಪ್ ಕಳೆದರೆ ಡ್ರೈವಿಂಗ್ ಪ್ರೆಷರ್. 2015ರಲ್ಲಿ ಅಮಾಟೊ ಮತ್ತು ಸಂಗಡಿಗರು ಹಲವು ಟ್ರಯಲ್‌ಗಳ ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಬದುಕಿನ ಜೊತೆ ಹೆಚ್ಚು ಗಟ್ಟಿಯಾಗಿ ತಾಳೆಯಾದದ್ದು ಇದೇ ಅಂಕಿ. ಒಂದು ಎಚ್ಚರ: ಗುಂಡಿ ಒತ್ತಿದಾಗ ರೋಗಿ ತಾನೇ ಉಸಿರೆಳೆಯುತ್ತಿದ್ದರೆ ಅಥವಾ ಎಲ್ಲೋ ಗಾಳಿ ಸೋರುತ್ತಿದ್ದರೆ ಬರುವ ಅಂಕಿ ಸುಳ್ಳು. ಗೆರೆ ಸಮತಟ್ಟಾಗಿ ನಿಂತಿದೆಯೇ ಎಂದು ಮೊದಲು ನೋಡಿಸಿ.

ಬೋರಲು ಮಲಗಿಸುವುದನ್ನು ತಂಡವಾಗಿಯೇ ಕಲಿಸಬೇಕು. 2013ರ ಪ್ರೊಸೇವಾ ಟ್ರಯಲ್‌ನಲ್ಲಿ 466 ತೀವ್ರ ಎಆರ್‌ಡಿಎಸ್ ರೋಗಿಗಳಿದ್ದರು. ಪ್ರತಿ ಸರದಿಯಲ್ಲಿ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನದ ಸಾವು 16%, ಅಂಗಾತವೇ ಇದ್ದವರಲ್ಲಿ 32.8%. ಐದು ಜನ ಬೇಕು: ತಲೆಯ ಬಳಿ ಒಬ್ಬರು, ಎರಡೂ ಬದಿಗೆ ಇಬ್ಬಿಬ್ಬರು. ತಲೆಯ ಬಳಿಯವರ ಕೈ ಉಸಿರುನಳಿಕೆಯನ್ನು ಬಿಡುವಂತಿಲ್ಲ, ಎಣಿಕೆ ಹೇಳುವವರೂ ಅವರೇ. ಮೊದಲು ಆಹಾರ ನಿಲ್ಲಿಸಿ ಹೊಟ್ಟೆಯಲ್ಲಿರುವುದನ್ನು ಎಳೆಯಿರಿ, ಕಫ ತೆಗೆಯಿರಿ, ಆಮ್ಲಜನಕ 100% ಮಾಡಿ, ತುಟಿಯ ಬಳಿ ನಳಿಕೆ ಎಷ್ಟು ಸೆಂ.ಮೀ. ಇದೆ ಎಂದು ಗಟ್ಟಿಯಾಗಿ ಓದಿ, ಕಣ್ಣಿಗೆ ಮುಲಾಮು ಹಚ್ಚಿ ಮುಚ್ಚಿ, ಎಲ್ಲ ನಳಿಕೆಗಳೂ ತಿರುಗುವಷ್ಟು ಉದ್ದ ಇವೆಯೇ ನೋಡಿ. ಹಾಸಿಗೆಯ ಒಂದು ಅಂಚಿಗೆ ಎಳೆದು, ಪಕ್ಕಕ್ಕೆ ಹೊರಳಿಸಿ, ನಿಂತು, ಮತ್ತೊಮ್ಮೆ ನಳಿಕೆ ನೋಡಿ, ಆಮೇಲೆ ಬೋರಲು. ಇಸಿಜಿ ಪಟ್ಟಿಗಳು ಬೆನ್ನಿಗೆ. ಅವಸರ ಮಾಡಿದರೆ ನಳಿಕೆ ಕಳಚುತ್ತದೆ. ಮಲಗಿಸಿದ ಮೇಲೆ ಮರೆತರೆ ಕೆನ್ನೆ, ಗಲ್ಲ, ಎದೆ, ಮೊಣಕಾಲಿನಲ್ಲಿ ಒತ್ತುಹುಣ್ಣು, ತೋಳು ತಪ್ಪಾಗಿ ಚಾಚಿದ್ದರೆ ನರಕ್ಕೆ ಪೆಟ್ಟು.

ಪಾಠ ಫಲಿಸಿತೇ ಎಂಬುದನ್ನು ಪರೀಕ್ಷೆಯ ಅಂಕದಿಂದ ಅಳೆಯಬೇಡಿ. 2016ರಲ್ಲಿ ಪ್ರಕಟವಾದ ಲಂಗ್ ಸೇಫ್ ಅಧ್ಯಯನ 50 ದೇಶಗಳ 459 ಐಸಿಯುಗಳನ್ನು ನೋಡಿತು. ಎಆರ್‌ಡಿಎಸ್ ಇದ್ದವರಲ್ಲಿ ವೈದ್ಯರು ಗುರುತಿಸಿದ್ದು ಸುಮಾರು 60% ಜನರಲ್ಲಿ ಮಾತ್ರ. ತೀವ್ರ ಬಗೆಯವರಲ್ಲೂ ಬೋರಲು ಮಲಗಿಸಿದ್ದು 16.3%. ಅದಕ್ಕೂ ಮೊದಲೇ ಟ್ರಯಲ್ ಗೆದ್ದಿದ್ದ ಚಿಕಿತ್ಸೆಯ ಗತಿ ಇದು. ನೀವು ಕಲಿಸಿದ ಆರು ತಿಂಗಳ ನಂತರ ನಿಮ್ಮ ಘಟಕದಲ್ಲಿ ಎಷ್ಟು ಹಾಳೆಗಳಲ್ಲಿ ಎತ್ತರ ಬರೆದಿದೆ, ಎಷ್ಟರಲ್ಲಿ ಪ್ಲೇಟೋ ಬರೆದಿದೆ ಎಣಿಸಿ. ಬೋಧನೆಗೆ ಅದಕ್ಕಿಂತ ಪ್ರಾಮಾಣಿಕ ಅಳತೆ ನಮಗೆ ಕಂಡಿಲ್ಲ. ಅದನ್ನೇ ಬರೆದರೆ ಪ್ರಬಂಧವೂ ಆಗುತ್ತದೆ.

ಪ್ರಶ್ನೆ: ಐಸಿಯು ಪಾಳಿ ಮತ್ತು ಸಂಶೋಧನೆ ಒಟ್ಟಿಗೆ ಸಾಗುತ್ತವೆಯೇ?

ಉತ್ತರ: ಪಾಳಿ ಮುಗಿದ ಮೇಲೆ ಉಳಿದ ಸಮಯದಲ್ಲಿ ಮಾಡುತ್ತೇನೆ ಎಂದರೆ ಸಾಗುವುದಿಲ್ಲ. ವಾರಗಳನ್ನೇ ಬೇರೆ ಮಾಡಿಕೊಳ್ಳಬೇಕು. ಕೆಲಸಕ್ಕೆ ಸೇರುವ ಮುನ್ನ ಸಂಶೋಧನೆಗೆ ಮೀಸಲಾದ ವಾರಗಳೆಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸಂಖ್ಯಾಶಾಸ್ತ್ರ ಬಲ್ಲ ಒಬ್ಬರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಪತಿ ಎಆರ್‌ಡಿಎಸ್‌ನಿಂದ ಬದುಕಿ ಬಂದರು. ನಾಲ್ಕು ತಿಂಗಳಾದರೂ ಮೆಟ್ಟಿಲು ಹತ್ತಲಾರರು. ಶ್ವಾಸಕೋಶ ಶಾಶ್ವತವಾಗಿ ಹಾಳಾಯಿತೇ? ಇದರ ಬಗ್ಗೆಯೂ ಸಂಶೋಧನೆ ಇದೆಯೇ?

ಉತ್ತರ: ಇದೆ, ಮತ್ತು ಅದು ವೈದ್ಯರ ಎಣಿಕೆಯನ್ನೇ ತಲೆಕೆಳಗು ಮಾಡಿತು. 2003ರಲ್ಲಿ ಕೆನಡಾದ ಹೆರಿಜ್ ಮತ್ತು ಸಂಗಡಿಗರು ಬದುಕುಳಿದ 109 ಜನರನ್ನು ಒಂದು ವರ್ಷ ಹಿಂಬಾಲಿಸಿದ ವರದಿ ಪ್ರಕಟಿಸಿದರು. ಉಸಿರಿನ ಪ್ರಮಾಣ ಅಳೆಯುವ ಪರೀಕ್ಷೆಗಳು ಹೆಚ್ಚಿನವರಲ್ಲಿ ಆರು ತಿಂಗಳ ಹೊತ್ತಿಗೇ ಸಹಜಕ್ಕೆ ಹತ್ತಿರ ಬಂದಿದ್ದವು. ಆದರೂ ವರ್ಷದ ಕೊನೆಗೆ ಆರು ನಿಮಿಷದ ನಡಿಗೆಯಲ್ಲಿ ನಿರೀಕ್ಷಿತ ದೂರದ 66% ಮಾತ್ರ ಕ್ರಮಿಸುತ್ತಿದ್ದರು. ಮುಖ್ಯ ಅಡ್ಡಿ ಸ್ನಾಯುಗಳು ಕರಗಿ ಬಲ ಕುಂದಿದ್ದು.

ಹಾಗೆಂದು ಶ್ವಾಸಕೋಶವನ್ನು ನೋಡುವುದೇ ಬೇಡ ಎಂದಲ್ಲ. ಸ್ಪೈರೊಮೆಟ್ರಿ (ಉಸಿರಿನ ಪ್ರಮಾಣ ಅಳೆಯುವ ಪರೀಕ್ಷೆ) ಮತ್ತು ಅನಿಲ ವಿನಿಮಯದ ಪರೀಕ್ಷೆ ಎರಡನ್ನೂ ಮಾಡಿಸಿ, ನಡೆಯುವಾಗ ಸ್ಯಾಚುರೇಷನ್ ಬೀಳುತ್ತದೆಯೇ ಅಳೆಸಿ. ಅವು ಚೆನ್ನಾಗಿದ್ದರೆ ಏದುಸಿರಿಗೆ ಬೇರೆ ಕಾರಣ ಹುಡುಕಬೇಕು: ತೊಡೆ, ಭುಜದ ಸ್ನಾಯುಗಳ ಬಲ, ರಕ್ತಹೀನತೆ, ಹೃದಯ, ದೀರ್ಘಕಾಲ ನಳಿಕೆ ಇದ್ದಿದ್ದರೆ ಶ್ವಾಸನಾಳ ಕಿರಿದಾಗಿರುವುದು. ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಕಾಯದೆ ತೋರಿಸಿ. ರಾತ್ರಿ ಭಯಾನಕ ಕನಸು, ಮರೆವು, ಯಾರೊಂದಿಗೂ ಸೇರದಿರುವುದು ಕಂಡರೆ ಅದನ್ನೂ ವೈದ್ಯರಿಗೆ ಹೇಳಿ. ಐಸಿಯುನಿಂದ ಬಂದವರಲ್ಲಿ ಇವು ಸಾಮಾನ್ಯ, ಚಿಕಿತ್ಸೆಯೂ ಇದೆ. ಮನೆಯಲ್ಲಿ ಫಿಸಿಯೋಥೆರಪಿಸ್ಟ್ ಸಲಹೆಯಂತೆ ಕುರ್ಚಿಯಿಂದ ಎದ್ದು ಕೂರುವುದು, ಸಮತಟ್ಟಿನಲ್ಲಿ ನಡೆಯುವುದು, ಆಮೇಲೆ ಒಂದೊಂದೇ ಮೆಟ್ಟಿಲು. ನಡೆದ ದೂರವನ್ನು ವಾರಕ್ಕೊಮ್ಮೆ ಬರೆದಿಟ್ಟು ಮುಂದಿನ ಭೇಟಿಗೆ ಒಯ್ಯಿರಿ. ವೈದ್ಯರಿಗೆ ಆ ಹಾಳೆ ಎಕ್ಸ್-ರೇಗಿಂತ ಹೆಚ್ಚು ಹೇಳುತ್ತದೆ.